ಒಂದೇ ಗುಂಡಿಯ ಪೆನ್‌ಡ್ರೈವ್

ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿದ ಕೂಡಲೇ ರಿಪೇರಿಯಣ್ಣ ಯಾವ ಕಂಪ್ಯೂಟರನ್ನೂ ಚಾಲೂ ಮಾಡುತ್ತಿರಲಿಲ್ಲ. ಮೊದಲು ಮೆತ್ತನೆಯ ಬಟ್ಟೆಯಿಂದ ರಿಪೇರಿಗೆ ಬಂದ ಒಂದೊಂದರ ಕೀಬೋರ್ಡನ್ನೂ ಒರೆಸಿ, ಕಣ್ಣು ಮುಚ್ಚಿ ಒಂದೇ ಮಾತು ಹೇಳಿಕೊಳ್ಳುತ್ತಿದ್ದ: “ದೇವರೇ, ಇವತ್ತು ನನ್ನ ಕೈಯಿಂದ ಯಾರದ್ದೂ ಏನೂ ಅಳಿಸಿಹೋಗದಿರಲಿ.” ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ.

ಆಮೇಲಿನ ದಿನವೆಲ್ಲ ತಲೆನೋವು. ಕಂಪ್ಯೂಟರಿಗೆ ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕುವುದೆಂದರೆ ಬೀಗರ ಮನೆಯ ವಿಚಾರಣೆ ಇದ್ದ ಹಾಗೆ. ಯಾವ ಭಾಷೆ, ಎಲ್ಲಿಯ ಸಮಯ, ಯಾವ ಕೀಬೋರ್ಡು, ಷರತ್ತಿಗೆ ಒಪ್ಪಿಗೆಯೇ, ಡಿಸ್ಕಿನಲ್ಲಿರುವುದನ್ನು ಅಳಿಸಲೇ? ಕೇಳಿದ್ದೇ ಕೇಳುತ್ತದೆ. ಮನೆಯಲ್ಲೇ ಹಾಕಿಕೊಳ್ಳಲು ಹೊರಟವರು ಫೋನು ಹಿಡಿದು ಅವನಿಗೆ ಜೋತುಬೀಳುತ್ತಿದ್ದರು.

“ಅಣ್ಣಾ, ‘ಮುಂದೆ’ ಅಂತ ಬಂದಿದೆ. ಒತ್ಲಾ?”

“ಒತ್ತಿ.”

“ಒತ್ತಿದೆ. ಮತ್ತೆ ‘ಮುಂದೆ’ ಅಂತಿದೆ.”

“ಅದನ್ನೂ ಒತ್ತಿ ತಾಯಿ!”

“ನನ್ಮೇಲ್ಯಾಕೆ ರೇಗ್ತೀರಾ? ಕೇಳ್ತಿರೋದು ಅದು, ನಾನಲ್ಲ.”

ಎದುರಿಗೆ ಹಳೆಯ ಕಂಪ್ಯೂಟರ್ ಮಾರುವ ಸಾಹುಕಾರರದೂ ದಿನಾ ಇದೇ ಗೋಳು. ಕೊನೆಗೆ ತಲೆ ಕೆಟ್ಟು ರಿಪೇರಿಯಣ್ಣ ಹಟ ಹಿಡಿದು ಕೂತ. ಉತ್ತರಗಳನ್ನೆಲ್ಲ ಮೊದಲೇ ತುಂಬಿಟ್ಟು ಒಂದು ಪೆನ್‌ಡ್ರೈವ್ ತಯಾರಿಸಿದ. ಸಿಕ್ಕಿಸಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ‘ಅಳಿಸಲೇ?’ ಎಂಬ ಪ್ರಶ್ನೆಯನ್ನೂ ಕಿತ್ತುಹಾಕಿ, ಕೇಳದೆಯೇ ಅಳಿಸುವಂತೆ ಮಾಡಿದ. ಹೇಗೂ ಎಲ್ಲರೂ ಓದದೆಯೇ ಹೌದೆಂದು ಒತ್ತುವವರು. ಸಾಹುಕಾರರು ಹಿರಿಹಿರಿ ಹಿಗ್ಗಿದರು. ಫೋನು ಮಾಡುತ್ತಿದ್ದವರಿಗೂ ಹಂಚಿದ; ಒಂದು ಪ್ರತಿ ಅವನ ಅಕ್ಕನ ಕೈಗೂ ಬಿತ್ತು.

ಅಕ್ಕ ಬಟ್ಟೆ ಹೊಲಿಯುವವಳು. ಗಿರಾಕಿಗಳ ಅಳತೆ, ತಾನೇ ಬರೆದ ಕತ್ತರಿಸುವ ನಕ್ಷೆಗಳು, ಎಲ್ಲವೂ ಅವಳ ಕಂಪ್ಯೂಟರಿನಲ್ಲಿದ್ದವು. ಅದೋ, ಆಮೆಗಿಂತ ನಿಧಾನ. ತಮ್ಮನ ‘ನಾಳೆ ಬರ್ತೀನಿ’ ಕೇಳಿ ಕೇಳಿ ಬೇಸತ್ತು ಒಂದು ಮಧ್ಯಾಹ್ನ ತಾನೇ ಪೆನ್‌ಡ್ರೈವ್ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಫೋನ್ ಮಾಡಿದಳು.

“ಲೋ, ಎಷ್ಟು ಸಲೀಸಾಯ್ತು ಗೊತ್ತಾ! ಒಂದು ಮಾತೂ ಕೇಳ್ಲಿಲ್ಲ. ನಿನಗಿಂತ ಇದೇ ವಾಸಿ.”

“ಅಕ್ಕಾ, ಅಳತೆಗಳು? ಬೇರೆ ಕಡೆ ತೆಗೆದಿಟ್ಟಿದ್ಯಾ?”

“ಬೇರೆ ಕಡೆ ಯಾಕೋ? ಕಂಪ್ಯೂಟರಲ್ಲೇ ಇದೆಯಲ್ಲ.”

ಅಂಗಡಿಯನ್ನು ಹಾಗೇ ಬಿಟ್ಟು ಓಡಿದ. ಡಿಸ್ಕನ್ನು ಜಾಲಾಡಿ ಜಾಲಾಡಿ ನಕ್ಷೆಗಳನ್ನು ಹೇಗೋ ಹೊರತೆಗೆದ. ಅಳತೆಗಳು ಮಾತ್ರ ಬರಲಿಲ್ಲ.

“ಒಂದು ಮಾತು ಕೇಳಿದ್ರೆ ನಿನ್ನ ಯಂತ್ರದ ಬಾಯಿ ಸವೀತಿತ್ತಾ?” ಎಂದಳು ಅಕ್ಕ.

ಗಿರಾಕಿಗಳನ್ನೆಲ್ಲ ಮತ್ತೆ ಕರೆಯಬೇಕಾಯಿತು. ಟೇಪು ಕಂಡರೆ ಹೊಟ್ಟೆ ಒಳಗೆಳೆದುಕೊಳ್ಳುವವರೇ ಹೆಚ್ಚು. “ಹಳೇ ಅಳತೇಲೇ ಹೊಲೀರಿ, ನಾನೇನು ದಪ್ಪ ಆಗಿದೀನಾ?” ಎಂದು ಜಗಳ ಬೇರೆ. ಬಟ್ಟೆಯ ಪರದೆಯ ಆಚೆ ಅಳತೆ ತೆಗೆದು ಅಕ್ಕ ಹೇಳುವುದು, ಈಚೆ ಕೂತು ತಮ್ಮ ಟೈಪು ಮಾಡುವುದು.

ಬೆಳಿಗ್ಗೆ ಕೀಬೋರ್ಡು ಒರೆಸಿ ಕಣ್ಣು ಮುಚ್ಚಿದರೆ ಅವನಿಗೆ ಆ ಒಂದು ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು. ಅಳಿಸಬೇಡವೆಂದು ದೇವರಿಗೆ ಹೇಳಿ, ಅಳಿಸೆಂದು ಯಂತ್ರಕ್ಕೆ ಹೇಳಿದವನು ತಾನೇ ಅಲ್ಲವೇ? ಎಲ್ಲ ಪ್ರತಿಗಳನ್ನೂ ವಾಪಸು ತರಿಸಿ, ಒಂದೇ ಪ್ರಶ್ನೆ ಸೇರಿಸಿ ಮತ್ತೆ ಹಂಚಿದ. ಹೌದು, ಇಲ್ಲ ಎಂದು ಒತ್ತಿ ದಾಟುವಂಥದ್ದಲ್ಲ: ‘ಇದರಲ್ಲಿ ಯಾರದ್ದು, ಏನಿದೆ? ಬರೆಯಿರಿ.’ ಬರೆಯುವವರೆಗೂ ಅದು ಅಲುಗಾಡದು.

ಸಾಹುಕಾರರು ಕೆಂಡವಾದರು. “ಓಡೋ ಕುದುರೆ ಕಾಲು ಕಟ್ಟಿದೀಯಲ್ಲಯ್ಯಾ! ದಿನವೆಲ್ಲ ನಾನು ಬರೀತಾ ಕೂರ್ಲಾ?” ಆಮೇಲೆ ದನಿ ತಗ್ಗಿಸಿದರು. “ನೋಡು, ನಮ್ಮ ಅಳಿಯ ಇದೇ ಕೆಲಸದಲ್ಲಿದಾನೆ. ಆ ಪ್ರಶ್ನೆ ತೆಗೆಸಿಕೊಡ್ತೀನಿ. ನಿನಗೂ ಈ ಫೋನಿನ ಕಾಟ ತಪ್ಪುತ್ತೆ.”

ಅಷ್ಟರಲ್ಲೇ ಫೋನು ಬಡಿದುಕೊಂಡಿತು. “ಅಣ್ಣಾ, ಯಾರದ್ದು ಏನಿದೆ ಅಂತ ಕೇಳ್ತಿದೆ. ಏನ್ ಬರೀಲಿ?”

ಅವನು ಹಣೆ ಚಚ್ಚಿಕೊಂಡ. “ನಿಲ್ಸಿ, ಒಳಗೇನಿದೆ ನೋಡ್ಕೊಂಡು ಬಂದು ಬರೀರಿ ತಾಯಿ.” ಫೋನು ಕೆಳಗಿಟ್ಟು ಸಾಹುಕಾರರತ್ತ ತಿರುಗಿದ.

“ಬೇಡ ಸಾಹುಕಾರ್ರೆ. ಅಳಿಯಂದ್ರಿಗೆ ಯಾಕೆ ತೊಂದ್ರೆ? ಅದೊಂದು ಇರ್ಲಿ.”