ಒಡಪಿನ ಮೂರನೆಯ ಸಾಲು

ನನ್ನ ಅವ್ವ ಅಪ್ಪನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಅವಳ ವಯಸ್ಸಿನ ಹೆಣ್ಣುಮಕ್ಕಳು ಯಾರೂ ಗಂಡನ ಹೆಸರು ಹೇಳುವುದಿಲ್ಲ, ಅದೇನು ದೊಡ್ಡ ಸುದ್ದಿಯಲ್ಲ. ಆದರೆ ಅವ್ವನದು ಸ್ವಲ್ಪ ಅತಿಯೇ. ನಮ್ಮ ಓಣಿಗೆ ಹಾಲು ಹಾಕುವವನದು ಅಪ್ಪನದೇ ಹೆಸರು. ಓಣಿಯೆಲ್ಲ ಅವನನ್ನು ಹೆಸರು ಹಿಡಿದು ಕರೆದರೆ ಅವ್ವ "ಹಾಲಿನಣ್ಣಾ" ಎನ್ನುತ್ತಾಳೆ. ಅವನಿಗೂ ಕಾರಣ ಗೊತ್ತು, ನಗುತ್ತ ಹಾಲು ಅಳೆದು ಹೋಗುತ್ತಾನೆ.

ಅಪ್ಪನನ್ನು ಕರೆಯಲು ಅವಳಿಗಿದ್ದದ್ದು "ಏನ್ರಿ" ಒಂದೇ. ಅಪ್ಪನ ಕಿವಿ ನೆಟ್ಟಗಿದ್ದಷ್ಟು ದಿನ ಅದು ಸಾಕಾಗಿತ್ತು. ಅವನು ನವಲಗುಂದದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ನೌಕರಿಯುದ್ದಕ್ಕೂ ಮೈಕಿನ ಮುಂದೆ ಕುಳಿತು ಹುಬ್ಬಳ್ಳಿ, ಅಣ್ಣಿಗೇರಿ, ಧಾರವಾಡ ಎಂದು ಊರುಗಳ ಹೆಸರು ಕೂಗಿದ. ಬಸ್ಸುಗಳ ಹಾರ್ನು ನಿಧಾನವಾಗಿ ಅವನ ಕಿವಿಯನ್ನು ತಿಂದುಹಾಕಿತು. ನಿವೃತ್ತನಾದ ಮೇಲೆ ಸಂತೆಯಲ್ಲಿ ಅವ್ವ ಹಿಂದಿನಿಂದ "ಏನ್ರಿ!" ಎಂದು ಕೂಗಿದರೆ ಸುತ್ತಲಿನ ಗಂಡಸರೆಲ್ಲ ತಿರುಗಿ ನೋಡುತ್ತಿದ್ದರು, ಅಪ್ಪನೊಬ್ಬನನ್ನು ಬಿಟ್ಟು. ಅವನು ಬದನೆಕಾಯಿ ಚೌಕಾಸಿಯಲ್ಲಿ ಮುಳುಗಿರುತ್ತಿದ್ದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನು ತಿವಿಯುತ್ತಿದ್ದಳು, "ನಿಮ್ಮಪ್ಪನ್ನ ಕರಿಯವಾ, ಮಂದಿ ನನ್ನ ನೋಡಾಕತ್ತಾರ."

ಕಿವಿಗೆ ಮಷೀನು ಹಾಕಿಸೋಣ ಎಂದರೆ ಅಪ್ಪ ಕೆಂಡವಾಗುತ್ತಿದ್ದ. "ನನಗೇನ್ ಧಾಡಿ ಆಗೈತಿ? ನೀವ ಎಲ್ಲಾರೂ ಸಣ್ಣಗ ಮಾತಾಡಾಕ ಕಲ್ತೀರಿ." ಒಮ್ಮೆ ಹೇಗೋ ಪುಸಲಾಯಿಸಿ ಹುಬ್ಬಳ್ಳಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದ್ದೆ. ವರದಿ ಬಂತು, ಮಷೀನು ಮಾತ್ರ ಬರಲಿಲ್ಲ.

ಆದರೆ ಅಪ್ಪನಿಗೆ ಒಂದು ಕೊರಗು ಇತ್ತು. ತಂಗಿಯ ಕುಬುಸದ ದಿನ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಬೆಳಗುವ ದಿನ, ಬೀಗರ ಕಡೆಯ ಹೆಂಗಸರು ಅವ್ವನನ್ನು ಬಾಗಿಲಲ್ಲಿ ಅಡ್ಡಗಟ್ಟಿ ನಿಂತಿದ್ದರು. ಒಡಪು ಹಾಕಿದರಷ್ಟೇ ಒಳಗೆ ಬಿಡುವುದು ಎಂದು ಹಟ. ಒಡಪೆಂದರೆ ಪ್ರಾಸ ಕೂಡಿಸಿ ಕಟ್ಟಿದ ಎರಡು ಮೂರು ಸಾಲು. ಅದರೊಳಗೆ ಪೋಣಿಸಿದರೆ ಮಾತ್ರ ಗಂಡನ ಹೆಸರನ್ನು ಬಾಯಿಗೆ ತರಬಹುದು. ಅವ್ವ ಅಂದು ಒಡಪು ಹಾಕಿದಳು, ಹೆಸರೂ ಹೇಳಿದಳು. ಅಪ್ಪ ಮಾತ್ರ ಹಿತ್ತಲಲ್ಲಿ ಹೋಳಿಗೆ ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದ. ಊಟಕ್ಕೆ ಕುಳಿತ ಹೆಂಗಸರೆಲ್ಲ "ನಿಮ್ಮ ಹೆಸರ ಎಷ್ಟ ಚಂದ ಹೇಳಿದ್ರರೀ ಅವರು!" ಎಂದು ಹೇಳಿ ಹೇಳಿ ಅವನ ಹೊಟ್ಟೆ ಉರಿಸಿದರು.

ಅಂದಿನಿಂದ ಅಪ್ಪ ಕೇಳುವುದು, ಅವ್ವ ಒಲ್ಲೆನೆನ್ನುವುದು. "ಅದು ಕುಬುಸದಾಗಿನ ಮಾತು. ಸುಮ್ ಸುಮ್ನ ಹೇಳಾಕ ಬರೂದಿಲ್ಲ." ಅಪ್ಪ ಒಂದು ದಿನ ನನ್ನೆದುರು ತಮಾಷೆಯ ದನಿಯಲ್ಲೇ ಅಂದ, "ಸಾವಿರ ಊರಿನ ಹೆಸರ ಕೂಗೇನಿ. ನನ್ನ ಹೆಸರ ಆಕಿ ಬಾಯಾಗ ಹೆಂಗ ಕೇಳಸ್ತೈತೋ ಏನೋ. ಕಿವಿ ಪೂರಾ ಹೋಗೂದ್ರಾಗ ಒಮ್ಮೆ ಕೇಳಬೇಕಿತ್ತು ನೋಡು." ನಾನು ನಕ್ಕೆ, ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಕುಬುಸದ ವಿಡಿಯೋ ನನ್ನ ಬಳಿ ಇದ್ದೇ ಇತ್ತು. ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ನಾನು ಇಲ್ಲೇ ಹತ್ತಿರದ ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು, ಮಕ್ಕಳಿಗೆ ಶಿಸ್ತಿನ ಪಾಠ ಹೇಳುವವಳು. ಆದರೆ ನನ್ನ ಕ್ಲೌಡ್ ಸಂಗ್ರಹ ನಮ್ಮ ಮನೆಯ ಅಟ್ಟದ ಹಾಗೆ, ಏರಿಸುವುದಷ್ಟೇ ಗೊತ್ತು, ಇಳಿಸುವುದು ಗೊತ್ತಿಲ್ಲ. ಫೋನು ತುಂಬಿದಾಗಲೆಲ್ಲ ಇದ್ದಬದ್ದದ್ದನ್ನು ಅಲ್ಲಿಗೆ ತಳ್ಳಿದ್ದೆ. ವಿಡಿಯೋಗಳ ಹೆಸರುಗಳೋ, "ಹೊಸಾದು", "ಹೊಸಾದು ಮತ್ತೊಂದು", "ಇದ ಖರೇದು". ಹುಡುಕಲು ಕೂತರೆ ಇನ್ನಾರದೋ ಮದುವೆಯ ವಿಡಿಯೋದಲ್ಲಿ ಕಳೆದುಹೋಗುತ್ತಿದ್ದೆ.

ಆಗಲೇ ಶಾಲೆಯ ತರಬೇತಿಯೊಂದರಲ್ಲಿ ಹೊಸ ವಿಷಯ ತಿಳಿಯಿತು. ನಾವು ಪ್ರಶ್ನೆ ಕೇಳುವ ಎಐ ಸಹಾಯಕನಿಗೆ ನಮ್ಮ ಕ್ಲೌಡ್ ಸಂಗ್ರಹವನ್ನು ಜೋಡಿಸಬಹುದಂತೆ. ಜೋಡಿಸಿದರೆ ಅದು ನಮ್ಮ ಕಡತಗಳನ್ನೆಲ್ಲ ಓದಿ, ಕೇಳಿ, ಬೇಕಾದ್ದನ್ನು ಹೆಕ್ಕಿ ಕೊಡುತ್ತದಂತೆ. ಆ ರವಿವಾರವೇ ಅವ್ವನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿಕೊಂಡು ಕುಳಿತೆ. ಅಪ್ಪನ ಮನೆಗೂ ನನ್ನ ಮನೆಗೂ ನಡುವೆ ಒಂದು ಓಣಿ ಅಷ್ಟೇ, ಹಾಗಾಗಿ ರವಿವಾರದ ರೊಟ್ಟಿ ನನಗೆ ಅಲ್ಲೇ.

ಸೆಟ್ಟಿಂಗ್ಸಿಗೆ ಹೋಗಿ ಜೋಡಿಸುವ ಗುಂಡಿ ಒತ್ತಿದ ಕೂಡಲೇ ಪರದೆ ಅನುಮತಿ ಕೇಳಿತು. ನಿಮ್ಮ ಎಲ್ಲ ಕಡತಗಳನ್ನು ನೋಡಲು ಒಪ್ಪಿಗೆಯೇ? ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಎಲ್ಲಾ ಅಂದ್ರ ಎಲ್ಲಾನೂ? ನಾನು ನಿನ್ನ ಫೋನಿನ್ಯಾಗ ನಿಮ್ಮ ಚಿಗವ್ವಗ ಕಳಿಸಿದ ಮಾತೂ?"

"ಹೌದವಾ, ಎಲ್ಲಾನೂ."

"ಹಂಗಾದ್ರ ಬ್ಯಾಡ. ಗುರ್ತಿಲ್ಲದವರ ಕೈಯಾಗ ಯಾರರ ಮನಿ ಕೀಲಿಗೊಂಚಲಾ ಕೊಡ್ತಾರೇನು? ಒಂದ ಖೋಲಿದಷ್ಟ ಕೊಡು."

ತರಬೇತಿ ಕೊಟ್ಟವರೂ ಅದನ್ನೇ ಹೇಳಿದ್ದರು, ನಾನೇ ಮರೆತಿದ್ದೆ. ಮನೆಯ ಕಾರ್ಯಗಳ ಫೋಟೋ, ವಿಡಿಯೋ, ಅಪ್ಪನ ಕಾಗದಪತ್ರ, ಎಲ್ಲರ ಆಸ್ಪತ್ರೆಯ ವರದಿ, ಇಷ್ಟನ್ನು ಒಂದು ಫೋಲ್ಡರಿಗೆ ಹಾಕಿ ಅದೊಂದಕ್ಕೇ ಅನುಮತಿ ಕೊಟ್ಟೆ. ಚಿಗವ್ವನ ಮಾತುಗಳು ಹೊರಗುಳಿದವು. ಅವ್ವ ನೆಮ್ಮದಿಯಿಂದ ರೊಟ್ಟಿ ತಿರುವಿ ಹಾಕಿದಳು.

ನಾನು ಜಂಬದಿಂದ ಅಪ್ಪನ ಹೆಸರು ಟೈಪ್ ಮಾಡಿ, ಈ ಹೆಸರು ಎಲ್ಲೆಲ್ಲಿ ಬರುತ್ತದೆ ಹುಡುಕು ಎಂದೆ. ಕರೆಂಟ್ ಬಿಲ್ಲು ಬಂತು. ರೇಷನ್ ಕಾರ್ಡು ಬಂತು. ಪಿಂಚಣಿ ಕಾಗದ, ಹೊಲದ ಉತಾರ, ಬೀಳ್ಕೊಡುಗೆ ಸಮಾರಂಭದ ಆಮಂತ್ರಣ ಎಲ್ಲವೂ ಬಂದವು. ಅಪ್ಪ ಕನ್ನಡಕ ಏರಿಸಿ ಅಷ್ಟನ್ನೂ ನೋಡಿದ. "ಕರೆಂಟ್ ಬಿಲ್ಲಿನಾವ ಸೈತ ನನ್ನ ಹೆಸರ ಹೇಳ್ತಾನ," ಎಂದು ಒಳಗೆ ಕೇಳುವಂತೆ ಕೂಗಿದ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದಷ್ಟೇ ಜೋರಾಯಿತು.

ವಿಡಿಯೋಗಳನ್ನು ಇನ್ನೂ ಕೇಳುತ್ತಿದ್ದೇನೆ, ಸ್ವಲ್ಪ ಹೊತ್ತು ಬೇಕು ಎಂದಿತು ಸಹಾಯಕ. ನಮ್ಮೂರ ನೆಟ್‌ವರ್ಕಿಗೆ ಸ್ವಲ್ಪ ಹೊತ್ತು ಎಂದರೆ ಊಟ, ನಿದ್ದೆ, ಚಹಾ ಎಲ್ಲ ಮುಗಿಯಬೇಕು. ನಾನು ಬೈಯುತ್ತ ಅಂಗಳ ತುಂಬ ಓಡಾಡಿದೆ. ಸಂಜೆ ಮತ್ತೆ ಕೇಳಿದರೆ ಆ ಹೆಸರು ಯಾವ ವಿಡಿಯೋದಲ್ಲೂ ಕೇಳಿಸಲಿಲ್ಲ ಎಂಬ ಉತ್ತರ. ಆಗ ನನಗೆ ಬುದ್ಧಿ ಬಂತು. ಹೆಸರನ್ನು ಬಿಟ್ಟು ಸಂದರ್ಭವನ್ನು ಹೇಳಿದೆ, "ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕು ಎಂದು ಒತ್ತಾಯಿಸುವ ವಿಡಿಯೋ ಹುಡುಕು." ಕಣ್ಣು ಮಿಟುಕಿಸುವುದರೊಳಗೆ ಸಿಕ್ಕಿತು. "ಇದ ಖರೇದು" ಎಂಬ ಹೆಸರಿನದ್ದೇ! ಜತೆಗೆ ಮಾತುಗಳನ್ನೂ ಬರೆದು ತೋರಿಸಿತು:

ಎರಿ ಹೊಲದಾಗ ಬೆಳದೈತಿ ಹತ್ತಿ,
ಕುಂತ ಹೊಸದೇನಿ ದೀಪದ ಬತ್ತಿ,
(ಜೋರಾದ ನಗು. ಮಾತು ಸ್ಪಷ್ಟವಿಲ್ಲ.)

ನಾನು ಗಡಬಡಿಸಿ ವಿಡಿಯೋ ಹಚ್ಚಿದೆ. ಅವ್ವ ಹಸಿರು ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಆರತಿ ತಟ್ಟೆ. ಎರಡು ಸಾಲು ನೀರು ಕುಡಿದಂತೆ ಹೇಳಿದಳು. ಮೂರನೆಯದಕ್ಕೆ ಬಾಯಿ ತೆರೆದಳೋ ಇಲ್ಲವೋ, ಹೆಂಗಸರೆಲ್ಲ ಒಟ್ಟಿಗೆ ಹೋ ಎಂದು ನಕ್ಕರು. ಅವ್ವನ ತುಟಿ ಅಲ್ಲಾಡಿದ್ದು ಕಾಣಿಸಿತು. ಹೆಸರು ನಗೆಯಲ್ಲಿ ಮುಳುಗಿಹೋಗಿತ್ತು.

ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೆ ಮತ್ತೆ ಹಚ್ಚಿಸಿದ. ಆಮೇಲೆ ಫೋನು ನನ್ನ ಕೈಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ, ಚಹಾ ಕೂಡ ಕುಡಿಯಲಿಲ್ಲ. ನನಗೆ ಅಳುವೇ ಬಂತು. ಅವ್ವ ಮಾತ್ರ "ಛಲೋ ಆತು" ಎಂದು ಲೋಟ ಎತ್ತಿಟ್ಟಳು. ಆದರೆ ಓಣಿಯ ತಿರುವಿನವರೆಗೂ ಅಪ್ಪನನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು.

ಕತ್ತಲಾಗುವ ಮುಂಚೆ ಅಪ್ಪ ಮರಳಿ ಬಂದ. ಬಂದವನೇ ನನಗೆ ಹೇಳಿದ, "ನಡಿ, ಕಿವಿ ಮಷೀನ್ ತರೂಣು."

ನಾನು ಬೆಪ್ಪಾದೆ. "ಈಗ ಯಾಕಪಾ?"

"ಮಷೀನ್ ಹಾಕ್ಕೊಂಡ ಕೇಳಿದ್ರ ಆ ನಗಿ ಒಳಗಿನ ಹೆಸರು ಕೇಳಸೀತೇನೋ."

ನಾವೆಲ್ಲ ಸೇರಿ ಇಷ್ಟು ಕಾಲ ಹೇಳಿದರೂ ಬಗ್ಗದ ಮನುಷ್ಯ ತಾನಾಗಿ ಬಗ್ಗಿದ್ದ. ನಗೆಯೊಳಗಿನ ಹೆಸರು ಯಾವ ಮಷೀನಿಗೂ ಕೇಳಿಸಲಾರದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹುಬ್ಬಳ್ಳಿಗೆ ಹೋಗುವ ದಿನ ಬರುವಷ್ಟರಲ್ಲಿ ಅವ್ವನಿಗೆ ಸಹಾಯಕನ ಜತೆ ಗೆಳೆತನ ಬೆಳೆದಿತ್ತು. ನನ್ನ ಫೋನು ಕಸಿದುಕೊಂಡು, ಮೈಕಿನ ಗುರುತು ಒತ್ತಿ, "ತಮ್ಮಾ, ಗೃಹಪ್ರವೇಶಕ್ಕ ನಾ ಯಾವ ಸೀರಿ ಉಟ್ಟಿದ್ದೆ?" ಎಂದು ಕೇಳುತ್ತಿದ್ದಳು. ಅದು ಫೋಟೋ ತೋರಿಸಿ ಪುಸ್ತಕದ ಕನ್ನಡದಲ್ಲಿ ಬಣ್ಣ ವರ್ಣಿಸುತ್ತಿತ್ತು. "ನಿನ್ನಕಿಂತ ಸಮಾಧಾನದಿಂದ ಹೇಳ್ತೈತಿ," ಎಂದು ನನಗೆ ಚುಚ್ಚುತ್ತಿದ್ದಳು.

ಕಿವಿಯ ಚಿಕಿತ್ಸಾಲಯದಲ್ಲಿ ಒಬ್ಬ ಚುರುಕಾದ ಹುಡುಗಿ ಅಪ್ಪನಿಗೆ ಮಷೀನು ತೊಡಿಸಿ ಚಾಲೂ ಮಾಡಿದಳು. ಇನ್ನೂ ಅದರ ದನಿಯನ್ನು ಅವನ ಕಿವಿಯ ಅಳತೆಗೆ ಹೊಂದಿಸಬೇಕಿತ್ತು. "ಹಿಂದ ಪರೀಕ್ಷಾ ಮಾಡಿಸಿದ್ದ ರಿಪೋರ್ಟ್ ಐತೇನ್ರಿ ಅಮ್ಮಾರ?" ಎಂದಳು. ಕಾಗದ ಮನೆಯಲ್ಲಿತ್ತು, ಅದರ ಚಿತ್ರ ಕ್ಲೌಡಿನಲ್ಲಿತ್ತು, ಫೋನು ಅವ್ವನ ಕೈಯಲ್ಲಿತ್ತು.

ಅವ್ವ ಉತ್ಸಾಹದಿಂದ ಮೈಕು ಒತ್ತಿದಳು. "ತಮ್ಮಾ, ಕಿವಿ ರಿಪೋರ್ಟ್ ತೋರಸು."

ಸಹಾಯಕ ಗಟ್ಟಿ ದನಿಯಲ್ಲಿ ಹೇಳಿತು, "ಕಿವಿ ಪರೀಕ್ಷೆಯ ಎರಡು ವರದಿಗಳಿವೆ. ಯಾರ ವರದಿ ಬೇಕು?" ನನ್ನ ಮಾವನವರದೂ ಒಂದು ವರದಿ ಅದೇ ಫೋಲ್ಡರಿನಲ್ಲಿತ್ತು.

"ನಮ್ಮ ಮನಿಯವರದು."

"ಕ್ಷಮಿಸಿ, ನಿಮ್ಮ ಮನೆಯವರ ಹೆಸರು ಹೇಳುತ್ತೀರಾ?"

ಅವ್ವ ನನ್ನ ಕಡೆ ನೋಡಿದಳು. ನಾನು ಹೇಳಬಹುದಿತ್ತು, ಒಂದು ಉಸಿರಿನ ಕೆಲಸ. ಹೇಳಲಿಲ್ಲ. ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅಪ್ಪನೂ ತುಟಿ ಬಿಗಿದು ಚಾವಣಿ ನೋಡುತ್ತಿದ್ದ. ಆ ಹುಡುಗಿಗೇನು ಗೊತ್ತು, "ಲಗೂನ ಹೇಳ್ರಿ ಅಮ್ಮಾರ, ಹಿಂದ ಪಾಳಿ ಐತಿ," ಎಂದಳು. ಫೋನು ಇನ್ನೊಮ್ಮೆ ಅಷ್ಟೇ ವಿನಯದಿಂದ ಹೆಸರು ಕೇಳಿತು.

ಅವ್ವ ಸೆರಗು ಸರಿಮಾಡಿಕೊಂಡಳು. ಫೋನನ್ನು ಆರತಿ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಒಂದೇ ರಾಗದಲ್ಲಿ ಹೇಳಿದಳು:

"ಎರಿ ಹೊಲದಾಗ ಬೆಳದೈತಿ ಹತ್ತಿ,
ಕುಂತ ಹೊಸದೇನಿ ದೀಪದ ಬತ್ತಿ,
……… ಅವರ ರಿಪೋರ್ಟ್ ತೋರಸೋ ತಮ್ಮಾ, ನಾ ಅವರ ಹೇಂತಿ!"

ಆ ಖಾಲಿ ಬಿಟ್ಟಲ್ಲಿ ಇದ್ದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಬಾಯಲ್ಲೇ ಚಂದ. ಈ ಸಲ ಯಾರೂ ನಗಲಿಲ್ಲ, ಹೆಸರು ಕೋಣೆಯ ತುಂಬ ಗಂಟೆಯಂತೆ ಕೇಳಿಸಿತು. ಸಹಾಯಕ ಸರಿಯಾದ ವರದಿಯನ್ನೇ ತೆರೆಯಿತು.

ಅಪ್ಪ ಚಾವಣಿಯಿಂದ ಕಣ್ಣು ಕೀಳಲಿಲ್ಲ. ಅವು ತುಂಬಿ ಬಂದಿದ್ದವು. ಹುಡುಗಿ ಗಾಬರಿಯಾಗಿ, "ಯಾಕ್ರಿ ಅಜ್ಜಾರ, ದನಿ ಜೋರಾತೇನ್ರಿ? ಕಡಿಮಿ ಮಾಡ್ಲಿ?" ಎಂದಳು.

"ಬ್ಯಾಡವಾ," ಎಂದ ಅಪ್ಪ. "ಇಷ್ಟ ಇರ್ಲಿ."

ಅವ್ವ ಕುರ್ಚಿಯಲ್ಲಿ ಕುಳಿತು ಬೆವರು ಒರೆಸಿಕೊಂಡಳು. ನನ್ನ ತೊಡೆಗೆ ಬಲವಾಗಿ ಚಿವುಟಿ, "ನಿನ್ನ ಬಾಯಿಗೇನ್ ಬಡದಿತ್ತ ಬೇ?" ಎಂದಳು. ಆ ಚಿವುಟಿನ ಗುರುತು ಬಹಳ ದಿನ ಇತ್ತು, ನನಗೆ ಬೇಸರವಿಲ್ಲ.

ವಾಪಸ್ಸು ಬರುವಾಗ ಹುಬ್ಬಳ್ಳಿಯ ನಿಲ್ದಾಣದಲ್ಲಿ ಕಿಕ್ಕಿರಿದ ಜನ. ಅಪ್ಪ ಸ್ವಲ್ಪ ದೂರದಲ್ಲಿ, ನಮಗೆ ಬೆನ್ನು ಹಾಕಿ, ಮೈಕಿನ ಘೋಷಣೆಗಳನ್ನು ಒಂದೊಂದಾಗಿ ಆಸ್ವಾದಿಸುತ್ತ ನಿಂತಿದ್ದ. ನವಲಗುಂದದ ಬಸ್ಸು ಬಂದು ನಿಂತಿತು. ಅವ್ವ "ಏನ್ರಿ!" ಎಂದು ಕೂಗಿದಳು. ಹತ್ತಾರು ಗಂಡಸರು ತಿರುಗಿದರು. ಅಪ್ಪ ತಿರುಗಲಿಲ್ಲ. ಆದರೆ ಅವನ ಭುಜ ನಗುವಿನಿಂದ ಕುಲುಕುತ್ತಿದ್ದುದು ಹಿಂದಿನಿಂದಲೇ ಕಾಣುತ್ತಿತ್ತು.

ಅವ್ವ ನನ್ನನ್ನು ನೋಡಿದಳು. ಕರೆಯೆಂದು ತಿವಿಯುತ್ತಾಳೆ ಅಂದುಕೊಂಡೆ. ತಿವಿಯಲಿಲ್ಲ. ಚೀಲವನ್ನು ನನ್ನ ಕೈಗಿತ್ತು, ಜನರನ್ನು ಸರಿಸಿಕೊಂಡು ಹೋಗಿ, ಅವನ ಮಷೀನಿನ ಕಿವಿಯ ಹತ್ತಿರ ಬಾಯಿ ತಂದು ಏನೋ ಅಂದಳು. ಡ್ರೈವರು ಹಾರ್ನ್ ಹೊಡೆದಿದ್ದರಿಂದ ನನಗೆ ಕೇಳಿಸಲಿಲ್ಲ. ಈ ಸಲ ತಿರುಗಿದವನು ಅಪ್ಪನೊಬ್ಬನೇ.