ಹೆಗಲ ಮೇಲಿನ ಕೈ

ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಮೊನ್ನೆ ಭಾನುವಾರ ಬೆಳಿಗ್ಗೆ ಬಿಸಿಲಿಗಿಟ್ಟಿದ್ದೆ. ಕರಗಿದ ಎಣ್ಣೆಗೆ ಬೆರಳು ಅದ್ದಿದೆ ನೋಡಿ, ಆ ವಾಸನೆಗೆ ಎದೆ ಧಸಕ್ಕೆಂದಿತು. ಇಷ್ಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ.

ಅದಿರಿನ ಲಾರಿಗಳು ಸಂಡೂರಿನ ರಸ್ತೆಯನ್ನು ಹಗಲೆಲ್ಲ ನಡುಗಿಸುತ್ತಿದ್ದ ಕಾಲ. ನನಗೆ ಹದಿನಾಲ್ಕು. ನಾವು ಒಂಬತ್ತು ಮಕ್ಕಳು ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ದೃಢೀಕರಣಕ್ಕೆ, ಅಂದರೆ ಬೆಳೆದ ಮಕ್ಕಳ ವಿಶ್ವಾಸವನ್ನು ಗಟ್ಟಿಮಾಡುವ ಸಂಸ್ಕಾರಕ್ಕೆ, ತಯಾರಾಗುತ್ತಿದ್ದೆವು. ಕಲಿಸುತ್ತಿದ್ದವರು ನಮ್ಮ ಟೀಚರ್. ಗಣಿ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದವರ ಹೆಂಡತಿ; ಇಸ್ತ್ರಿ ಮಾಡಿದ ಕಾಟನ್ ಸೀರೆ, ಸುಡುಬಿಸಿಲಲ್ಲೂ ಮಣಿಕಟ್ಟಿನವರೆಗೆ ಬರುವ ಉದ್ದ ತೋಳಿನ ರವಿಕೆ. ಇಂಥವರಿಗೆ ಯಾರ ಭಯ ಎಂದುಕೊಂಡಿದ್ದೆ.

ದೃಢೀಕರಣದ ದಿನ ಬಿಷಪ್ಪರು ಹಣೆಗೆ ಪವಿತ್ರ ತೈಲ ಹಚ್ಚಿ, ಹಳೆಯ ಪದ್ಧತಿಯಂತೆ ಕೆನ್ನೆಗೆ ಮೆಲ್ಲಗೆ ತಟ್ಟುತ್ತಿದ್ದರು. ಏನು ಬಂದರೂ ತಡೆದುಕೋ ಎಂದು ಅದರ ಅರ್ಥ. ಆಗ ಪ್ರತಿ ಮಗುವಿನ ಹಿಂದೆ ಆಸರೆಯಾಗಿ ಒಬ್ಬ ಜ್ಞಾನತಾಯಿಯೋ ಜ್ಞಾನತಂದೆಯೋ ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು. ಟೀಚರ್ ಕೊಬ್ಬರಿ ಎಣ್ಣೆ ಹಚ್ಚಿ, ಕೆನ್ನೆ ತಟ್ಟಿ ನಮಗೆ ಅಭ್ಯಾಸ ಮಾಡಿಸಿದರು. ಉಳಿದವರು ಕಿಸಕ್ಕೆಂದು ನಕ್ಕರು. ನನ್ನ ಸರದಿಯಲ್ಲಿ ಅವರ ಕೈ ಏಳುತ್ತಲೇ ನಾನು ತೋಳುಗಳಿಂದ ಮುಖ ಮುಚ್ಚಿಕೊಂಡು ಕುಸಿದು ಕೂತುಬಿಟ್ಟೆ.

ಅಪ್ಪ ಲಾರಿ ಓಡಿಸುತ್ತಿದ್ದ. ಕುಡಿದು ಬಂದ ದಿನ ಅವನ ಕೈಗೆ ನಾನೋ ಅವ್ವನೋ, ಯಾರು ಸಿಕ್ಕರೂ ಆಗುತ್ತಿತ್ತು. ಬಿಷಪ್ಪರ ಎದುರಲ್ಲೂ ಹೀಗೇ ಕುಸಿದರೆ ಮನೆಯ ಸಂಗತಿ ಇಡೀ ಚರ್ಚಿಗೆ ಗೊತ್ತಾಗುತ್ತದೆ, ಆಮೇಲೆ ಅಪ್ಪ ನಮ್ಮನ್ನು ಜೀವಸಹಿತ ಬಿಡುವುದಿಲ್ಲ... ನನಗಿದ್ದದ್ದು ಅದೊಂದೇ ಚಿಂತೆ.

ಎಲ್ಲರೂ ಹೋದ ಮೇಲೆ ಟೀಚರ್ ನನ್ನನ್ನು ಉಳಿಸಿಕೊಂಡರು.

"ಮನ್ಯಾಗ ಯಾರರ ಬಡೀತಾರೇನವ್ವ?"

"ಇಲ್ರೀ ಟೀಚರ್. ನಂಗ ಮೊದ್ಲಿಂದ ಹಂಗ."

ಅವರು ಮತ್ತೆ ಕೇಳಲಿಲ್ಲ. "ಹೆದರಬ್ಯಾಡ. ನಿನಗ ಜ್ಞಾನತಾಯಿ ನಾನ ಆಗ್ತೀನಿ. ಹಿಂದ ನಿಂತು ಹೆಗಲ ಮ್ಯಾಲೆ ಕೈ ಇಟ್ಟಿರ್ತೀನಿ," ಎಂದರು.

ಅಂದಿನಿಂದ ನನಗೊಬ್ಬಳಿಗೇ ಅರ್ಧ ಗಂಟೆ ಹೆಚ್ಚು ಪಾಠ. ಒಂದು, ಎರಡು, ಮೂರು ಎಂದು ನನ್ನ ಬಾಯಿಂದಲೇ ಹೇಳಿಸುತ್ತಿದ್ದರು. ಮೂರಕ್ಕೆ ತಟ್ಟುತ್ತಿದ್ದರು, ಇರುವೆಯೂ ಸಾಯದಷ್ಟು ಮೆಲ್ಲಗೆ. ಮೊದಮೊದಲು ಎರಡಕ್ಕೇ ಕಣ್ಣು ಮುಚ್ಚಿಬಿಡುತ್ತಿದ್ದೆ.

ದೃಢೀಕರಣದ ದಿನ ಅಪ್ಪ ಹೊಸ ಅಂಗಿ ತೊಟ್ಟು ಮೊದಲ ಸಾಲಿನಲ್ಲೇ ಕೂತಿದ್ದ. ಬಿಷಪ್ಪರು ತೈಲ ಹಚ್ಚಿ ಕೈ ಎತ್ತಿದರು. ಒಂದು, ಎರಡು... ನಾನು ಅಲುಗಲಿಲ್ಲ. ಬೆಚ್ಚಿದ್ದು ನನ್ನ ಹೆಗಲ ಮೇಲಿದ್ದ ಕೈ. ಥಟ್ಟನೆ ಹಿಂದಕ್ಕೆ ಸರಿದು, ಮತ್ತೆ ಬಂದು ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ಆ ಬೆಚ್ಚುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ಉದ್ದ ತೋಳಿನ ರವಿಕೆ ಯಾಕೆಂದು ಅವತ್ತು ತಿಳಿಯಿತು.

ಹೊರಗೆ ಬಂದ ಮೇಲೆ ಕೇಳಬೇಕೆನಿಸಿತು. ಅಂಗಳದಲ್ಲಿ ಅವರ ಗಂಡ ಜೀಪಿನ ಪಕ್ಕ ಕಾಯುತ್ತಿದ್ದರು. ಟೀಚರಿಗೆ ಕೈ ಮುಗಿದು ಮನೆಗೆ ನಡೆದೆ. ಗಣಿಗಳು ನಿಂತಾಗ ಟೀಚರ್ ಗಂಡನ ಹಿಂದೆ ಊರು ಬಿಟ್ಟರು. ಈಗ ಎಲ್ಲಿದ್ದಾರೋ... ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ.

ಈಗ ಅದೇ ಕೋಣೆಯಲ್ಲಿ ನಾನು ಕಲಿಸುತ್ತೇನೆ. ಎಣ್ಣೆ ಕರಗಿಸಿದ್ದು ಅದಕ್ಕೇ. ಮೊನ್ನೆ ಹಣೆಗೆ ಹಚ್ಚಲು ಕೈ ಎತ್ತಿದರೆ ಒಬ್ಬ ಹುಡುಗಿ ಬೆಚ್ಚಿದಳು. ಪಾಠ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದೆ.

"ಇಲ್ರೀ ಮಿಸ್, ಯಾರೂ ಬಡಿಯಂಗಿಲ್ಲ," ಎಂದಳು.

ನಮ್ಮ ಟೀಚರನ್ನು ಒಂದು ಸಲವೂ ಕೇಳದ ನಾನು, ಅವಳನ್ನು ಎರಡನೆಯ ಸಲ ಕೇಳಿದೆ.