ಮಣ್ಣಿನೊಳಗೆ ಹೋದ ಗಂಟು

ಯಾರ ದನಿ ಬೇಕು ಹೇಳಿ, ತೆಗೆದು ಕೊಡುತ್ತೇನೆ. ರವಿವಾರ ಪೇಟೆಯ ಬೆಲ್ಲದ ದಲಾಲಿ, ಹಾಜರಿ ಕೂಗುತ್ತ ಸೀನುವ ಕಾಲೇಜಿನ ಮಾಸ್ತರು, ಚಹಾ ತಣ್ಣಗಾಯಿತೆಂದು ಇಡೀ ಲೋಕವನ್ನು ಬಯ್ಯುವ ನಮ್ಮಪ್ಪ. ಓದಿನಲ್ಲಿ ನಾನು ಏನು ಎಂದು ಕೇಳಬೇಡಿ. ಆ ಮಾಸ್ತರನ್ನೇ ಕೇಳಿ, ಸೀನಿ ಮುಗಿಸಿದ ಮೇಲೆ ಹೇಳುತ್ತಾರೆ.

ಟಿಳಕವಾಡಿಯ ನಮ್ಮ ಹಿತ್ತಿಲಲ್ಲಿ ಟೊಮೆಟೊ ಬದುಕುತ್ತಿರಲಿಲ್ಲ. ಅವ್ವ ಪ್ರತಿ ವರ್ಷ ಹಚ್ಚುವಳು. ಮಳೆ ಹಿಡಿದು ಮಣ್ಣು ಜಿಬಿಜಿಬಿ ಆಗುತ್ತಲೇ, ನಿನ್ನೆ ಹಸಿರಾಗಿ ನಗುತ್ತಿದ್ದ ಗಿಡ ಇವತ್ತು ತಲೆ ಚೆಲ್ಲಿ ನಿಲ್ಲುವುದು. ಇದಕ್ಕೆ ಉಪಾಯ ಹೇಳಿದವನು ಖಾನಾಪುರದ ಮಾಮಾ, ಅವ್ವನ ಅಣ್ಣ. ಕಾಡುಬದನೆಯ ಬೇರಿಗೆ ಈ ರೋಗ ತಟ್ಟುವುದಿಲ್ಲ. ಅದರ ಮೇಲೆ ಟೊಮೆಟೊ ಕುಡಿ ಕಸಿ ಕಟ್ಟಿದರಾಯಿತು ಎಂದ. ಸುತ್ತಲ ಹಳ್ಳಿಗಳಿಗೆಲ್ಲ ಮಾವಿನ ಕಸಿ ಕಟ್ಟಿಕೊಟ್ಟವನು ಅವನು. ಆದರೆ ಹಿಂದಿನ ಚಳಿಗಾಲದ ಜ್ವರದಿಂದ ಎದ್ದ ಮೇಲೆ ಅವನ ಬಲಗೈ ನಡುಗುತ್ತಿತ್ತು. ಜನ ಕರೆಯುವುದನ್ನು ಬಿಟ್ಟಿದ್ದರು.

ಮಳೆಗಾಲದ ಶುರುವಿಗೆ ಸಸಿ ತರಲು ನಾನು ಪ್ಯಾಸೆಂಜರ್ ರೈಲು ಹತ್ತಿ ಹೋದೆ. ಸಸಿಗಳು ಹಳೆ ಎಣ್ಣೆ ಡಬ್ಬಿಯಲ್ಲಿ ತಯಾರಾಗಿದ್ದವು. ಆದರೂ ತೋರಿಸಲೆಂದು ಮಾಮಾ ನನ್ನೆದುರು ಇನ್ನೊಂದು ಕಟ್ಟಿದ. ಬದನೆ ಸಸಿಯ ತಲೆ ಹಾರಿಸಿ, ದಾಡಿ ಬ್ಲೇಡಿನಿಂದ ಅದರ ಕಾಂಡ ಸೀಳಿ, ಚೂಪು ಮಾಡಿದ ಟೊಮೆಟೊ ಕುಡಿಯನ್ನು ಸೀಳಿನಲ್ಲಿ ಕೂಡಿಸಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ಸುತ್ತಿದ. ಅಷ್ಟು ಹೊತ್ತೂ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ, ಬಿಡುತ್ತಿದ್ದ.

"ಇವು ನಿಮ್ಮ ಹಿತ್ತಲದಾಗ ಬದುಕಿದ್ರ ನನ್ನ ಕೈಯಾಗ ಇನ್ನೂ ಕೆಲಸ ಐತಿ ಅಂತ ತಿಳ್ಕೋತೀನಿ. ಇಲ್ಲಂದ್ರ ಕಸಿ ಚಾಕು ಯಾರಿಗರ ಕೊಟ್ಟ ಬಿಡ್ತೀನಿ" ಎಂದ. "ಅರೇ ಬಾಳಾ, ನೀಟ ಕೇಳ. ಈ ಕಸಿ ಗಂಟ ಅದಲಾ, ಇದು ಮಣ್ಣಾಗ ಹೋಗಬಾರದು. ಮಣ್ಣ ಏರಸಬ್ಯಾಡ ಅಂತ ನಿಮ್ಮವ್ವಗ ಹೇಳ. ಟಮಾಟಿ ಮೈಗೆ ಮಣ್ಣ ತಾಕಿದ್ರ ಅಲ್ಲೇ ತನ್ನ ಬೇರ ಬಿಡತೈತಿ, ಬ್ಯಾನಿ ಅದರಾಗ ಏರತೈತಿ. ಖರೇ ಹೇಳ್ತಿಯಲಾ?"

ಹೇಳಿದೆ. ಆ ರಾತ್ರಿ ಊಟಕ್ಕೆ ಕೂತಾಗ, ಮಾಮಾನ ದನಿಯಲ್ಲೇ, ಮಗೂ ಎನ್ನಲು ಅವನು ಬಳಸುವ ಮರಾಠಿಯ 'ಅರೇ ಬಾಳಾ'ದ ಸಮೇತ ಹೇಳಿದೆ. ಬಲಗೈಯಲ್ಲಿ ರೊಟ್ಟಿ ಹಿಡಿದು ಗಡಗಡ ನಡುಗಿಸಿದೆ. ರೊಟ್ಟಿಯ ಚೂರು ಅಪ್ಪನ ತಾಟಿಗೆ ಹಾರಿತು.

"ಏ ಸಾಕ ಮಾಡಲೇ, ತುತ್ತು ನೆತ್ತಿಗೇರತೈತಿ!" ಎಂದು ಅಪ್ಪ ಕೆಮ್ಮಿದ.

"ನಮ್ಮಣ್ಣನ್ನ ಅಣಕಸ್ತಿ, ನಾಚಿಕಿ ಬರೂದಿಲ್ಲೇನು?" ಎಂದ ಅವ್ವನೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕಳು.

ಕೈ ಎಲ್ಲರೂ ನೋಡಿದರು; ಮಾತು ಯಾರೂ ಕೇಳಲಿಲ್ಲ. ನಾನಾದರೂ ಕೇಳಿದ್ದೆನೇ? ಅಕ್ಷರ ಬಿಡದಂತೆ ಒಪ್ಪಿಸಿದ್ದೆ. ಆದರೆ ನನಗೆ ಅದು ಬರೀ ರಾಗ. ಗಿಡ ಮೊಣಕಾಲೆತ್ತರ ಬಂದಾಗ ಅವ್ವ ಯಾವಾಗಿನಂತೆ ಬುಡಕ್ಕೆ ಮಣ್ಣು ಏರಿಸಿದಳು. ಟೊಮೆಟೊಗೆ ಹಾಗೆ ಮಾಡುವುದೇ ರೂಢಿ. ಮಣ್ಣಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತವನು ನಾನೇ. "ಇನ್ನೊಂದೀಟು ಹಾಕಬೇ" ಎಂದವನೂ ನಾನೇ.

ನಾಗರಪಂಚಮಿಗೆ ತಂಗಿಯನ್ನು, ಅಂದರೆ ಅವ್ವನನ್ನು, ತವರಿಗೆ ಕರೆದೊಯ್ಯಲು ಮಾಮಾ ಬಂದ. ಚೀಲ ಇಳಿಸದೆ, ನೀರೂ ಕುಡಿಯದೆ ನೆಟ್ಟಗೆ ಹಿತ್ತಿಲಿಗೆ ನಡೆದ. ಗಿಡಗಳು ಅದೇ ವಾರ ಒಂದಾದ ಮೇಲೊಂದು ತಲೆ ಚೆಲ್ಲಿದ್ದವು. ಮಾಮಾ ಒಂದು ಗಿಡದ ಬಾಡಿದ ತಲೆ ಎತ್ತಿ, ಬಿಟ್ಟ.

"ಆತು ಬಿಡು. ಕೈ ಹೋತು" ಎಂದ.

"ನಮ್ಮ ಮಣ್ಣ ಕೆಟ್ಟೈತೋ ಅಣ್ಣಾ" ಎಂದಳು ಅವ್ವ.

"ಮಣ್ಣ ಕೆಟ್ಟದ್ದಕ್ಕ ಅಲ್ಲೇನು ಕಸಿ ಕಟ್ಟಿದ್ದು?"

ರೊಟ್ಟಿಯ ರಾತ್ರಿ ನಾನು ಒಪ್ಪಿಸಿದ್ದ ಮಾತು ಆಗ ನನಗೆ ಅರ್ಥವಾಯಿತು. "ತಪ್ಪು ನಂದು, ಮಾಮಾ" ಎಂದೆ.

ಅಪ್ಪ ನಕ್ಕ. "ಈಗ ಯಾರ ದನಿ ತಗದೀಪಾ?"

ನಾನು ಕುಕ್ಕರಿಸಿ ಕೂತು ಕೈಯಿಂದಲೇ ಬುಡ ಕೆದರಿ ಒಂದು ಗಿಡ ಕಿತ್ತೆ. ಬದನೆಯ ಬೇರು ಗಟ್ಟಿಯಾಗಿತ್ತು. ಗಂಟು ಬೆರಳ ಗೆಣ್ಣಿನಂತೆ ದಪ್ಪಗೆ ಕೂಡಿಕೊಂಡಿತ್ತು. ಅದರ ಮೇಲೆ, ನಾವು ಏರಿಸಿದ ಮಣ್ಣಿನೊಳಗೆ, ಟೊಮೆಟೊ ತಾನೇ ಬಿಟ್ಟ ಬೇರುಗಳು ಕಂದಾಗಿ ಕೊಳೆತಿದ್ದವು.

ಮಾಮಾ ಉಗುರಿನಿಂದ ಗಂಟನ್ನು ಒತ್ತಿ ನೋಡಿದ. "ಹಿಡದೈತಿ" ಎಂದ. ಮತ್ತೆ ಒತ್ತಿದ. "ಹಿಡದೈತಿ ನೋಡವ್ವಾ!" ಮುಖ ಅರಳಿತು. ಆಮೇಲೆ ನನ್ನ ಕಡೆ ತಿರುಗಿದ. "ನಿನಗ ಹೇಳಿ ಕಳಿಸಿದ್ನಲ್ಲೋ."

"ನಾನೂ ಇಲ್ಲಿ ಹೇಳಿದೆ. ನಿನ್ನಂಗ ಮಾಡಿ ಹೇಳಿದೆ. ಎಲ್ಲಾರೂ ನಕ್ಕರು."

"ಹ್ಯಾಂಗ ಮಾಡಿದಿ? ಮಾಡು, ನೋಡೂಣು."

"ಬ್ಯಾಡ ಬಿಡಣ್ಣಾ" ಎಂದಳು ಅವ್ವ. ಮಾಮಾ ಕಾಯುತ್ತ ನಿಂತ. ಮಾಡಿದೆ. 'ಅರೇ ಬಾಳಾ'ದಿಂದ ಹಿಡಿದು ಕೈಯವರೆಗೆ. ಯಾರೂ ನಗಲಿಲ್ಲ.

"ಅಷ್ಟು ನಡಗತೈತೇನು?" ಎಂದು ಕೇಳಿದ ಮಾಮಾ.

"ಇಲ್ಲ ಮಾಮಾ. ನಗಸಾಕ ಹೆಚ್ಚಿಗಿ ಮಾಡಿದ್ದೆ."

ಹೆಚ್ಚಿಗೆ ಮಾಡಿರಲಿಲ್ಲ. ಇದ್ದಷ್ಟೇ ಮಾಡಿದ್ದೆ; ನನಗೆ ಬರುವ ಕೆಲಸ ಅದೊಂದೇ. ಮಾಮಾ ಗಂಟಿನ ತುಂಡನ್ನು ಟವೆಲ್ಲಿನಲ್ಲಿ ಸುತ್ತಿ, ಊರಲ್ಲಿ ತೋರಿಸುತ್ತೇನೆಂದು ಚೀಲದಲ್ಲಿಟ್ಟುಕೊಂಡ. ಅವ್ವನನ್ನು ಕರೆದುಕೊಂಡು ಸ್ಟೇಶನ್ನಿನ ಕಡೆ ಹೊರಟಾಗ ಚೀಲ ಎಡಗೈಯಲ್ಲಿತ್ತು. ಬಲಗೈಯನ್ನು ಅಂಗಿಯ ಕಿಸೆಯಲ್ಲಿ ಇಳಿಬಿಟ್ಟಿದ್ದ. ಅವನು ಆ ಕೈ ಮುಚ್ಚಿಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.